ಭಾರದ ಪ್ರವಾಸಿ ಮೋಟಾರ್‌ಸೈಕಲ್‌ಗಳ ಎಂಜಿನ್ ಮತ್ತು ಕ್ಯಾಮ್‌ಶಾಫ್ಟ್ ಮಾರ್ಪಾಡು

ಭಾರದ ಪ್ರವಾಸಿ ಮೋಟಾರ್‌ಸೈಕಲ್‌ಗಳ ಎಂಜಿನ್ ಮತ್ತು ಕ್ಯಾಮ್‌ಶಾಫ್ಟ್ ಮಾರ್ಪಾಡು ಎಂದರೆ ದೂರ ಪ್ರಯಾಣಕ್ಕೆ ಬಳಸುವ ತೂಕದ ಮೋಟಾರ್‌ಸೈಕಲ್‌ನಲ್ಲಿ ಕಾರ್ಖಾನೆಯ ಮೂಲ ಕ್ಯಾಮ್‌ಶಾಫ್ಟನ್ನು ತೆಗೆದು ಬೇರೆ ಆಕಾರದ ಕ್ಯಾಮ್‌ಶಾಫ್ಟ್ ಅಳವಡಿಸುವುದು ಮತ್ತು ಅದಕ್ಕೆ ಹೊಂದುವಂತೆ ಗಾಳಿ, ಇಂಧನ, ಸಂಪೀಡನ ಅನುಪಾತ ಮುಂತಾದವುಗಳನ್ನು ಬದಲಿಸುವುದು. ಸವಾರ, ಹಿಂಬದಿ ಸವಾರ ಹಾಗೂ ಸಾಮಾನು ಸೇರಿ ಒಟ್ಟು ತೂಕ 400 ಕಿಲೋಗ್ರಾಂ ದಾಟುವ ಇಂತಹ ವಾಹನಗಳಲ್ಲಿ ಗರಿಷ್ಠ ಅಶ್ವಶಕ್ತಿಗಿಂತ ಕಡಿಮೆ ಮತ್ತು ಮಧ್ಯಮ ವೇಗದ ತಿರುಗುವಿಕೆಯಲ್ಲಿ ದೊರೆಯುವ ಟಾರ್ಕ್ ಮುಖ್ಯವಾಗುತ್ತದೆ. ಮಾರಾಟದ ಪಟ್ಟಿಯಲ್ಲಿ ಅತಿ ಹೆಚ್ಚು ಅಶ್ವಶಕ್ತಿ ತೋರಿಸುವ ಕ್ಯಾಮ್ ಅನೇಕ ವೇಳೆ ಈ ವರ್ಗದ ವಾಹನಕ್ಕೆ ತಪ್ಪು ಆಯ್ಕೆಯಾಗಿರುತ್ತದೆ. ಬೆಂಗಳೂರು–ಮೈಸೂರು ನಡುವಿನ ಮಂಡ್ಯ, ಮದ್ದೂರು ಹಾಗೂ ಮಳವಳ್ಳಿ ಭಾಗದ ರಸ್ತೆಗಳು ಇದಕ್ಕೆ ಉತ್ತಮ ಉದಾಹರಣೆ.

ಕ್ಯಾಮ್‌ಶಾಫ್ಟಿನ ಕಾರ್ಯ

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣ ಒಳಬರಲು ಹಾಗೂ ಉರಿದ ಹೊಗೆ ಹೊರಹೋಗಲು ಬೇರೆ ಬೇರೆ ಕವಾಟಗಳು, ಅಂದರೆ ವಾಲ್ವ್‌ಗಳು ಇರುತ್ತವೆ. ಇವುಗಳನ್ನು ತೆರೆದು ಮುಚ್ಚುವ, ಮೊಟ್ಟೆಯಾಕಾರದ ಉಬ್ಬುಗಳುಳ್ಳ ದಂಡವೇ ಕ್ಯಾಮ್‌ಶಾಫ್ಟ್. ಇದು ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನ್ ನಿಮಿಷಕ್ಕೆ 4000 ಸುತ್ತು, ಅಂದರೆ 4000 ಆರ್‌ಪಿಎಂ ತಿರುಗುತ್ತಿದ್ದರೆ ಪ್ರತಿ ವಾಲ್ವ್ ನಿಮಿಷಕ್ಕೆ 2000 ಬಾರಿ ತೆರೆದು ಮುಚ್ಚುತ್ತದೆ.

ಒಂದು ಕ್ಯಾಮ್‌ನ ಗುಣವನ್ನು ಸಾಮಾನ್ಯವಾಗಿ ಕೆಲವು ಅಳತೆಗಳಿಂದ ಗುರುತಿಸಲಾಗುತ್ತದೆ. ವಾಲ್ವ್ ತನ್ನ ಆಸನದಿಂದ ಎಷ್ಟು ಮಿಲಿಮೀಟರ್ ಮೇಲೇಳುತ್ತದೆ ಎಂಬುದು ಲಿಫ್ಟ್. ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದು ಡ್ಯುರೇಷನ್. ಹೊಗೆಯ ವಾಲ್ವ್ ಇನ್ನೂ ಪೂರ್ತಿ ಮುಚ್ಚುವ ಮೊದಲೇ ಒಳಹರಿವಿನ ವಾಲ್ವ್ ತೆರೆಯತೊಡಗಿ ಎರಡೂ ಒಟ್ಟಿಗೆ ತೆರೆದಿರುವ ಅವಧಿಯೇ ಓವರ್‌ಲ್ಯಾಪ್. ಡ್ಯುರೇಷನ್ ಅಳೆಯುವ ಕ್ರಮ ಎಲ್ಲ ತಯಾರಕರಲ್ಲಿ ಒಂದೇ ಅಲ್ಲ. ಅಮೆರಿಕದ ಹಾರ್ಲೆ-ಡೇವಿಡ್ಸನ್ ಬಿಡಿಭಾಗಗಳಲ್ಲಿ 0.053 ಇಂಚು ಎತ್ತರವನ್ನು ಆಧಾರವಾಗಿ ಹಿಡಿಯುವುದು ರೂಢಿ. ಬೇರೆಡೆ 1 ಮಿಲಿಮೀಟರ್ ಬಳಕೆಯಲ್ಲಿದೆ. ಅಳತೆಯ ಆಧಾರ ನೋಡದೆ ಎರಡು ಕಂಪನಿಗಳ ಕ್ಯಾಮ್‌ಗಳನ್ನು ಅಂಕಿಗಳಿಂದ ಮಾತ್ರ ಹೋಲಿಸುವುದು ಅರ್ಥಹೀನ.

ಡ್ಯುರೇಷನ್ ಮತ್ತು ಓವರ್‌ಲ್ಯಾಪ್ ಹೆಚ್ಚಿದಂತೆ ಎಂಜಿನ್ನಿನ ಬಲ ಮೇಲಿನ ಆರ್‌ಪಿಎಂ ಕಡೆಗೆ ಸರಿಯುತ್ತದೆ. ವೇಗವಾಗಿ ತಿರುಗುವಾಗ ಒಳಬರುವ ಗಾಳಿಗೆ ಚಲನೆಯ ಜಡತ್ವ ಇರುವುದರಿಂದ ವಾಲ್ವ್ ತಡವಾಗಿ ಮುಚ್ಚಿದರೂ ಸಿಲಿಂಡರ್ ತುಂಬುತ್ತಲೇ ಇರುತ್ತದೆ. ನಿಧಾನವಾಗಿ ತಿರುಗುವಾಗ ಅದೇ ಗಾಳಿ ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಲ್ಪಡುತ್ತದೆ. ಆದ್ದರಿಂದ ಒಂದೇ ಕ್ಯಾಮ್ ಎಲ್ಲ ವೇಗಗಳಿಗೂ ಉತ್ತಮವಾಗಿರಲು ಸಾಧ್ಯವಿಲ್ಲ. ಒಂದು ಕಡೆ ಪಡೆದದ್ದಕ್ಕೆ ಇನ್ನೊಂದು ಕಡೆ ಬೆಲೆ ಕೊಡಬೇಕಾಗುತ್ತದೆ.

ಟಾರ್ಕ್ ಮತ್ತು ಶಕ್ತಿ

ಟಾರ್ಕ್ ಎಂದರೆ ಕ್ರ್ಯಾಂಕನ್ನು ತಿರುಗಿಸುವ ಬಲ. ಶಕ್ತಿ ಎಂದರೆ ಆ ಬಲವು ನಿಗದಿತ ಸಮಯದಲ್ಲಿ ಮಾಡುವ ಕೆಲಸ. ನ್ಯೂಟನ್ ಮೀಟರಿನಲ್ಲಿರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟಿನಲ್ಲಿ ಶಕ್ತಿ ದೊರೆಯುತ್ತದೆ.

2023ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೊರ್ 650 ವಾಹನದ ತೂಕ 241 ಕಿಲೋಗ್ರಾಂ. ಇದರ 648 ಸಿ.ಸಿ. ಎಂಜಿನ್ 5650 ಆರ್‌ಪಿಎಂನಲ್ಲಿ ಗರಿಷ್ಠ 52.3 ನ್ಯೂಟನ್ ಮೀಟರ್ ಟಾರ್ಕ್ ಹಾಗೂ 7250 ಆರ್‌ಪಿಎಂನಲ್ಲಿ ಗರಿಷ್ಠ 34.6 ಕಿಲೋವ್ಯಾಟ್ ಶಕ್ತಿ ನೀಡುತ್ತದೆ. ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ ಗರಿಷ್ಠ ಟಾರ್ಕ್ ಇರುವಾಗ ಶಕ್ತಿ ಸುಮಾರು 30.9 ಕಿಲೋವ್ಯಾಟ್, ಗರಿಷ್ಠ ಶಕ್ತಿ ಇರುವಾಗ ಟಾರ್ಕ್ ಸುಮಾರು 45.6 ನ್ಯೂಟನ್ ಮೀಟರ್. ಅಂದರೆ 5650ರಿಂದ 7250ಕ್ಕೆ ಏರುವಷ್ಟರಲ್ಲಿ ಪ್ರತಿ ಸುತ್ತಿನ ಬಲ ಸುಮಾರು 13 ಪ್ರತಿಶತ ಕುಸಿದಿರುತ್ತದೆ. ಸುತ್ತುಗಳ ಸಂಖ್ಯೆ ಹೆಚ್ಚಿರುವುದರಿಂದ ಮಾತ್ರ ಶಕ್ತಿ ಏರಿರುತ್ತದೆ.

ಹೆಚ್ಚು ಡ್ಯುರೇಷನ್ ಇರುವ ಕ್ಯಾಮ್ ಮಾಡುವುದು ಈ ಕುಸಿತವನ್ನು ತಡೆಯುವ ಕೆಲಸ. 7000 ಆರ್‌ಪಿಎಂ ಆಚೆಗೂ ಟಾರ್ಕನ್ನು ಹಿಡಿದಿಟ್ಟರೆ ಪಟ್ಟಿಯಲ್ಲಿನ ಅಶ್ವಶಕ್ತಿ ಏರುತ್ತದೆ. ಆದರೆ ಹಿಂಬದಿ ಸವಾರರೊಂದಿಗೆ ಸಾಮಾನು ಹೇರಿಕೊಂಡು ಸಾಗುವವರು ದಿನದ ಬಹುಪಾಲು ಸಮಯ 2500ರಿಂದ 4500 ಆರ್‌ಪಿಎಂ ನಡುವೆ ಇರುತ್ತಾರೆ. ಅಲ್ಲಿ ಕಳೆದುಕೊಂಡ ಪ್ರತಿಯೊಂದು ನ್ಯೂಟನ್ ಮೀಟರ್ ಗೇರ್ ಇಳಿಸುವ ಅಗತ್ಯವಾಗಿ, ಹೆಚ್ಚಿದ ಕಂಪನವಾಗಿ ಹಾಗೂ ಇಂಧನ ವೆಚ್ಚವಾಗಿ ಸವಾರರಿಗೆ ಗೊತ್ತಾಗುತ್ತದೆ.

ಒಳಹರಿವಿನ ವಾಲ್ವ್ ಮುಚ್ಚುವ ಕೋನ

ಪ್ರವಾಸಿ ಮೋಟಾರ್‌ಸೈಕಲ್‌ಗೆ ಕ್ಯಾಮ್ ಆರಿಸುವಾಗ ಒಂದೇ ಒಂದು ಅಂಕಿಯನ್ನು ನೋಡಲು ಅವಕಾಶವಿದ್ದರೆ ನೋಡಬೇಕಾದದ್ದು ಲಿಫ್ಟ್ ಅಲ್ಲ. ಪಿಸ್ಟನ್ ಕೆಳತುದಿಯನ್ನು ಮುಟ್ಟಿ ಮೇಲೇರತೊಡಗಿದ ಎಷ್ಟು ಡಿಗ್ರಿಗಳ ನಂತರ ಒಳಹರಿವಿನ ವಾಲ್ವ್ ಮುಚ್ಚುತ್ತದೆ ಎಂಬುದು. ವಾಲ್ವ್ ಮುಚ್ಚುವವರೆಗೆ ಸಂಪೀಡನ ನಿಜವಾಗಿ ಆರಂಭವಾಗುವುದಿಲ್ಲ. ಹೀಗಾಗಿ ತಯಾರಕರು ಹೇಳುವ ಸಂಪೀಡನ ಅನುಪಾತಕ್ಕಿಂತ ಎಂಜಿನ್ ಅನುಭವಿಸುವ ಪರಿಣಾಮಕಾರಿ ಅನುಪಾತ ಕಡಿಮೆ ಇರುತ್ತದೆ.

ಉದಾಹರಣೆಗೆ 100 ಮಿಲಿಮೀಟರ್ ಹೊಡೆತ, 200 ಮಿಲಿಮೀಟರ್ ಕನೆಕ್ಟಿಂಗ್ ರಾಡ್ ಹಾಗೂ 9.5:1 ಸಂಪೀಡನ ಅನುಪಾತವಿರುವ ಎಂಜಿನ್ನನ್ನು ಪರಿಗಣಿಸಬಹುದು. ವಾಲ್ವ್ 30 ಡಿಗ್ರಿಯಲ್ಲಿ ಮುಚ್ಚಿದರೆ ಹೊಡೆತದ 94.9 ಮಿಲಿಮೀಟರ್ ಸಂಪೀಡನಕ್ಕೆ ಉಳಿದಿರುತ್ತದೆ ಮತ್ತು ಪರಿಣಾಮಕಾರಿ ಅನುಪಾತ ಸುಮಾರು 9.1:1 ಆಗುತ್ತದೆ. 45 ಡಿಗ್ರಿಯಲ್ಲಿ ಮುಚ್ಚಿದರೆ ಅದು 8.5:1ಕ್ಕೆ ಇಳಿಯುತ್ತದೆ. 60 ಡಿಗ್ರಿಗೆ ತಳ್ಳಿದರೆ ಉಳಿಯುವುದು 79.7 ಮಿಲಿಮೀಟರ್ ಮಾತ್ರ, ಅನುಪಾತ 7.8:1. ಪಿಸ್ಟನ್ ಬದಲಿಸದೆ ಕ್ಯಾಮ್ ಮಾತ್ರ ಬದಲಿಸಿದವರು 60 ಡಿಗ್ರಿಯ ಕ್ಯಾಮ್ ಹಾಕಿದರೆ ಕಡಿಮೆ ವೇಗದಲ್ಲಿ ಎಂಜಿನ್ ಮಂಕಾಗಿದೆ ಎಂದು ದೂರುವುದು ಇದೇ ಕಾರಣಕ್ಕೆ. ತಡವಾಗಿ ಮುಚ್ಚುವ ಕ್ಯಾಮ್‌ಗೆ ಹೆಚ್ಚಿನ ಸಂಪೀಡನದ ಪಿಸ್ಟನ್ ಜೊತೆಯಾಗಿ ಬೇಕು.

ಬೇಗ ಮುಚ್ಚುವ ಕ್ಯಾಮ್‌ಗೂ ಮಿತಿಯಿದೆ. ಪರಿಣಾಮಕಾರಿ ಸಂಪೀಡನ ಹೆಚ್ಚಿದಾಗ ಬಿಸಿಯಾದ ಎಂಜಿನ್ನಿನಲ್ಲಿ, ದೊಡ್ಡ ಗೇರಿನಲ್ಲಿ ಥ್ರಾಟಲ್ ಒಮ್ಮೆಗೇ ತಿರುಗಿಸಿದರೆ ಮಿಶ್ರಣ ತಾನಾಗಿಯೇ ಸ್ಫೋಟಗೊಂಡು ಲೋಹ ಬಡಿದಂತಹ ಟಣಟಣ ಸದ್ದು ಬರುತ್ತದೆ. ಇದನ್ನು ನಾಕಿಂಗ್ ಎನ್ನುತ್ತಾರೆ. ದೀರ್ಘಕಾಲ ಮುಂದುವರಿದರೆ ಪಿಸ್ಟನ್ ತಲೆ ಸವೆದು ತೂತಾಗಬಹುದು. ಗಾಳಿಯಿಂದ ತಣ್ಣಗಾಗುವ ಎಂಜಿನ್‌ಗಳಲ್ಲಿ ಈ ಅಪಾಯ ಹೆಚ್ಚು.

ಕರ್ನಾಟಕದಲ್ಲಿ ಬಳಕೆಯಲ್ಲಿರುವ ಎಂಜಿನ್‌ಗಳು

ಹಳೆಯ ಮೈಸೂರು ಪ್ರದೇಶದ ಅತ್ಯಂತ ಪ್ರಸಿದ್ಧ ಮೋಟಾರ್‌ಸೈಕಲ್‌ಗಳಿಗೆ ಕ್ಯಾಮ್‌ಶಾಫ್ಟೇ ಇರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ವಾಹನಗಳು ಎರಡು ಹೊಡೆತದ ಎಂಜಿನ್ ಹೊಂದಿದ್ದವು. ಅವುಗಳಲ್ಲಿ ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ತೆರೆದು ಮುಚ್ಚುತ್ತದೆ. ಕ್ಯಾಮ್ ಬದಲಿಸಿ ಪಡೆಯುವ ಪರಿಣಾಮವನ್ನು ಅಲ್ಲಿ ಕಿಂಡಿಗಳ ಎತ್ತರ ಉಜ್ಜುವುದು ಹಾಗೂ ಸೈಲೆನ್ಸರ್ ಕೊಳವೆಯ ಆಕಾರ ಬದಲಿಸುವುದರಿಂದ ಸಾಧಿಸಲಾಗುತ್ತಿತ್ತು. ಒಮ್ಮೆ ಉಜ್ಜಿದ ಕಿಂಡಿಯನ್ನು ಹಿಂದಿನ ಸ್ಥಿತಿಗೆ ತರಲು ಆಗುವುದಿಲ್ಲವಾದ್ದರಿಂದ ಮೂಲ ಸಿಲಿಂಡರ್‌ಗಳು ವಿರಳವಾಗಿರುವ ಇಂದು ಅಂತಹ ಕೆಲಸಕ್ಕೆ ಕೈಹಾಕದಿರುವುದೇ ವಿವೇಕ. 2018ರಲ್ಲಿ ಮರಳಿ ಬಂದ ಜಾವಾ ಮತ್ತು 2022ರಲ್ಲಿ ಮರಳಿ ಬಂದ ಯೆಜ್ಡಿ ವಾಹನಗಳು ನಾಲ್ಕು ಹೊಡೆತದವು. ಅವುಗಳಲ್ಲಿ ಸಿಲಿಂಡರ್ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್‌ಗಳಿವೆ.

ರಾಯಲ್ ಎನ್‌ಫೀಲ್ಡ್ ಬುಲೆಟ್ ಭಾರತದಲ್ಲಿ ತಯಾರಾಗತೊಡಗಿದ್ದು 1955ರಲ್ಲಿ, ಆಗಿನ ಮದ್ರಾಸಿನಲ್ಲಿ. ಅದರ ಹಳೆಯ ಎರಕದ ಕಬ್ಬಿಣದ ಎಂಜಿನ್ನಿನಲ್ಲಿ ಒಳಹರಿವಿಗೊಂದು, ಹೊರಹರಿವಿಗೊಂದು ಎಂದು ಎರಡು ಪ್ರತ್ಯೇಕ ಕ್ಯಾಮ್‌ಗಳಿದ್ದು, ಬಲಬದಿಯ ಟೈಮಿಂಗ್ ಮುಚ್ಚಳದೊಳಗೆ ಗೇರುಗಳ ಮೂಲಕ ತಿರುಗುತ್ತಿದ್ದವು. ಅಲ್ಲಿಂದ ಉದ್ದನೆಯ ಪುಶ್‌ರಾಡ್‌ಗಳು ಮೇಲಿನ ರಾಕರ್‌ಗಳನ್ನು ತಳ್ಳುತ್ತಿದ್ದವು. ಸಿಲಿಂಡರ್ ತಲೆ ಬಿಚ್ಚದೆ ಕ್ಯಾಮ್ ಬದಲಿಸಬಹುದಾದ ಈ ರಚನೆ ಸಣ್ಣ ಗ್ಯಾರೇಜುಗಳಿಗೆ ಅನುಕೂಲಕರ. 350 ಮಾದರಿಯ ಅಳತೆ 70×90 ಮಿಲಿಮೀಟರ್, 500 ಮಾದರಿಯದು 84×90 ಮಿಲಿಮೀಟರ್. ಉದ್ದ ಹೊಡೆತ ಮತ್ತು ಭಾರವಾದ ಫ್ಲೈವೀಲ್ ಇರುವ ಈ ಎಂಜಿನ್ ಹುಟ್ಟಿನಿಂದಲೇ ಕಡಿಮೆ ವೇಗದ ಟಾರ್ಕಿಗೆ ಹೆಸರಾದದ್ದು. ಅದನ್ನು 6000 ಆರ್‌ಪಿಎಂ ಎಂಜಿನ್ ಮಾಡಹೊರಟವರು ಅದರ ಗುಣವನ್ನೂ ಕಳೆದು ಕ್ರ್ಯಾಂಕಿನ ಆಯುಷ್ಯವನ್ನೂ ಕಳೆದಿದ್ದಾರೆ. ನಂತರದ ಒಂದೇ ಕವಚದ ಎಂಜಿನ್‌ನಲ್ಲೂ ಪುಶ್‌ರಾಡ್ ಮುಂದುವರಿಯಿತು, ಆದರೆ ತೈಲದೊತ್ತಡದಿಂದ ತಾನಾಗಿಯೇ ಅಂತರ ಸರಿಪಡಿಸಿಕೊಳ್ಳುವ ಲಿಫ್ಟರ್‌ಗಳು ಬಂದವು. 2013ರ ಕಾಂಟಿನೆಂಟಲ್ ಜಿಟಿ ಮಾದರಿಗೆ ಕಂಪನಿಯೇ ಸಿಲಿಂಡರ್ ವ್ಯಾಸವನ್ನು 84ರಿಂದ 87 ಮಿಲಿಮೀಟರಿಗೆ ಹಿಗ್ಗಿಸಿ 535 ಸಿ.ಸಿ. ಪಡೆಯಿತು.

2020ರಲ್ಲಿ ಮೀಟಿಯೊರ್‌ನೊಂದಿಗೆ ಬಂದ 349 ಸಿ.ಸಿ. ಎಂಜಿನ್ನಿನಲ್ಲಿ ಪುಶ್‌ರಾಡ್ ಇಲ್ಲ. ಒಂದೇ ಕ್ಯಾಮ್ ಸಿಲಿಂಡರ್ ತಲೆಯ ಮೇಲಿದೆ. ಅವಳಿ ಸಿಲಿಂಡರಿನ 650 ಎಂಜಿನ್ನಿನಲ್ಲಿಯೂ ಮೇಲೆ ಒಂದೇ ಕ್ಯಾಮ್‌ಶಾಫ್ಟ್ ಇದ್ದು ಎಂಟು ವಾಲ್ವ್‌ಗಳನ್ನು ನಡೆಸುತ್ತದೆ. ಸಂಪೀಡನ ಅನುಪಾತ 9.5:1. ವಾಲ್ವ್ ಅಂತರವನ್ನು ಸ್ಕ್ರೂ ಮತ್ತು ನಟ್ ಮೂಲಕ ಕೈಯಾರೆ ಹೊಂದಿಸಬೇಕು.

ಕ್ಯಾಮ್ ಬದಲಾವಣೆ ಒಂದು ಸಂಸ್ಕೃತಿಯೇ ಆಗಿ ಬೆಳೆದದ್ದು ಅಮೆರಿಕದ ಹಾರ್ಲೆ-ಡೇವಿಡ್ಸನ್ ಸುತ್ತ. 1999ರ ಮಾದರಿಯಿಂದ ಬಳಕೆಗೆ ಬಂದ ಟ್ವಿನ್ ಕ್ಯಾಮ್ ಎಂಜಿನ್ನಿನಲ್ಲಿ, ಹೆಸರೇ ಹೇಳುವಂತೆ, ಎರಡು ಕ್ಯಾಮ್‌ಶಾಫ್ಟ್‌ಗಳಿದ್ದವು. ಆರಂಭಿಕ ಮಾದರಿಗಳಲ್ಲಿ ಕ್ಯಾಮ್ ಚೈನನ್ನು ಬಿಗಿಹಿಡಿಯುತ್ತಿದ್ದ ಸ್ಪ್ರಿಂಗ್ ಟೆನ್ಷನರಿನ ಪ್ಲಾಸ್ಟಿಕ್ ಪಾದ ಸವೆದು ಅದರ ಚೂರುಗಳು ತೈಲದ ಪಂಪಿಗೆ ಸೇರುವ ತೊಂದರೆ ಇತ್ತು. 2007ರ ಪ್ರವಾಸಿ ಮಾದರಿಗಳಿಂದ ತೈಲದೊತ್ತಡದ ಟೆನ್ಷನರ್ ಬಂದಿತು. ಹಳೆಯ ಟ್ವಿನ್ ಕ್ಯಾಮ್ ವಾಹನ ಕೊಳ್ಳುವವರು ಹೊಸ ಕ್ಯಾಮ್‌ನ ಯೋಚನೆಗೂ ಮೊದಲು ಈ ಪಾದವನ್ನು ಪರೀಕ್ಷಿಸಬೇಕು. 2017ರ ಮಾದರಿಯಿಂದ ಬಂದ ಮಿಲ್ವಾಕೀ-ಎಯ್ಟ್ ಎಂಜಿನ್ ಮತ್ತೆ ಒಂದೇ ಕ್ಯಾಮ್‌ಗೆ ಮರಳಿತು. ಇದರ 114 ಆವೃತ್ತಿಯ ಗಾತ್ರ 1868 ಸಿ.ಸಿ. ಈ ಎಂಜಿನ್‌ಗೆ ಕಂಪನಿಯೇ ಮಾರುವ ಎರಡನೇ ಹಂತದ ಕಿಟ್ ಎರಡು ಬಗೆಯಲ್ಲಿ ಸಿಗುತ್ತದೆ: ಒಂದು ಟಾರ್ಕಿಗೆ, ಇನ್ನೊಂದು ಶಕ್ತಿಗೆ. ಎರಡನ್ನೂ ಒಟ್ಟಿಗೆ ಕೊಡುವ ಕ್ಯಾಮ್ ಇಲ್ಲ ಎಂಬುದನ್ನು ತಯಾರಕರೇ ಹೀಗೆ ಒಪ್ಪಿಕೊಂಡಂತಾಗಿದೆ. ಎಸ್ ಆಂಡ್ ಎಸ್, ಆಂಡ್ರ್ಯೂಸ್, ಫ್ಯೂಲಿಂಗ್ ಮೊದಲಾದ ಸ್ವತಂತ್ರ ಕಂಪನಿಗಳೂ ಹಾರ್ಲೆ ಕ್ಯಾಮ್‌ಗಳನ್ನು ತಯಾರಿಸುತ್ತವೆ. ಭಾರತದಲ್ಲಿ ಹಾರ್ಲೆ ತನ್ನ ನೇರ ವ್ಯವಹಾರವನ್ನು 2020ರಲ್ಲಿ ನಿಲ್ಲಿಸಿ ಹೀರೊ ಮೋಟೊಕಾರ್ಪ್ ಜೊತೆ ಒಪ್ಪಂದ ಮಾಡಿಕೊಂಡಿತು.

ಮಂಡ್ಯ, ಮದ್ದೂರು, ಮಳವಳ್ಳಿ ರಸ್ತೆಗಳು

ಬೆಂಗಳೂರು–ಮೈಸೂರು ನಡುವಿನ ರಾಷ್ಟ್ರೀಯ ಹೆದ್ದಾರಿ 275 ಮಂಡ್ಯ ಜಿಲ್ಲೆಯನ್ನು ಹಾದುಹೋಗುತ್ತದೆ. ಸುಮಾರು 119 ಕಿಲೋಮೀಟರ್ ಉದ್ದದ ಹೊಸ ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಮಧ್ಯದಲ್ಲಿ ಆರು ಪಥಗಳ ಮುಖ್ಯ ರಸ್ತೆ, ಎರಡೂ ಬದಿಯಲ್ಲಿ ತಲಾ ಎರಡು ಪಥಗಳ ಸೇವಾ ರಸ್ತೆ ಇದರ ರಚನೆ. ಮದ್ದೂರು ಮತ್ತು ಮಂಡ್ಯ ಪಟ್ಟಣಗಳನ್ನು ಮುಖ್ಯ ರಸ್ತೆ ಬಳಸಿ ಹೋಗುತ್ತದೆ. ಅದೇ ವರ್ಷ ಆಗಸ್ಟ್ 1ರಿಂದ ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ಸುರಕ್ಷತೆಯ ಕಾರಣ ನೀಡಿ ಮೋಟಾರ್‌ಸೈಕಲ್, ಆಟೊ, ಟ್ರ್ಯಾಕ್ಟರ್ ಮುಂತಾದ ವಾಹನಗಳನ್ನು ಮುಖ್ಯ ರಸ್ತೆಯಿಂದ ನಿಷೇಧಿಸಿತು. ನಿಷೇಧ ಎಂಜಿನ್ ಗಾತ್ರವನ್ನು ನೋಡುವುದಿಲ್ಲ. 100 ಸಿ.ಸಿ. ವಾಹನಕ್ಕೂ 1868 ಸಿ.ಸಿ. ವಾಹನಕ್ಕೂ ಒಂದೇ ನಿಯಮ.

ಇದರ ಪರಿಣಾಮ ಕ್ಯಾಮ್ ಆಯ್ಕೆಯ ಮೇಲೆ ನೇರವಾಗಿದೆ. ಮುಖ್ಯ ರಸ್ತೆಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಗಬಹುದಾಗಿದ್ದ ಮೋಟಾರ್‌ಸೈಕಲ್ ಈಗ ಸೇವಾ ರಸ್ತೆಯಲ್ಲಿ, ಊರೊಳಗಿನ ಹಳೆಯ ರಸ್ತೆಯಲ್ಲಿ ಹಳ್ಳಿ ತಿರುವು, ಬಸ್ ನಿಲ್ದಾಣ, ರಸ್ತೆ ಉಬ್ಬುಗಳ ನಡುವೆ ಸಾಗಬೇಕು. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ ನಗರದ ಮೈಶುಗರ್, ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ.ದೊಡ್ಡಿಯ ಸಕ್ಕರೆ ಕಾರ್ಖಾನೆಗಳ ಕಡೆಗೆ ಕಬ್ಬು ಹೇರಿದ ಟ್ರ್ಯಾಕ್ಟರ್ ಹಾಗೂ ಎತ್ತಿನ ಗಾಡಿಗಳು ಸಾಗುತ್ತವೆ. ಅವುಗಳ ಹಿಂದೆ ಎರಡನೇ ಗೇರಿನಲ್ಲಿ ಸರದಿ ಕಾದು, ಎದುರು ರಸ್ತೆ ತೆರವಾದಾಗ ಚುರುಕಾಗಿ ಮುಂದೆ ಹೋಗುವುದು ಇಲ್ಲಿನ ಸವಾರಿಯ ನಿತ್ಯದ ಕೆಲಸ. ಇದಕ್ಕೆ ಬೇಕಾದದ್ದು 2500 ಆರ್‌ಪಿಎಂನಲ್ಲಿ ತಡವರಿಸದೆ ಎಳೆಯುವ ಎಂಜಿನ್. 7000ದಲ್ಲಿ ಕೂಗುವ ಎಂಜಿನ್ ಅಲ್ಲ.

ಮಳವಳ್ಳಿಯ ಕಡೆಯ ದಾರಿ ಬೇರೆ ಬಗೆಯದು. ಬೆಂಗಳೂರಿನಿಂದ ಕನಕಪುರ, ಹಲಗೂರು, ಮಳವಳ್ಳಿ ಮೂಲಕ ಕೊಳ್ಳೇಗಾಲ, ಚಾಮರಾಜನಗರ ದಾಟಿ ಕೊಯಮತ್ತೂರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 948ರಲ್ಲಿ ಮೋಟಾರ್‌ಸೈಕಲ್‌ಗೆ ನಿಷೇಧವಿಲ್ಲ. ಗಗನಚುಕ್ಕಿ ಜಲಪಾತ, ಮುತ್ತತ್ತಿ ನೋಡಲು ಹೋಗುವವರ ದಾರಿಯೂ ಇದೇ ಭಾಗದಲ್ಲಿದೆ. ಮುಂದೆ ತಮಿಳುನಾಡಿನ ಗಡಿಯಾಚೆ ದಿಂಬಂ ಘಾಟಿಯಲ್ಲಿ 27 ಕಡಿದಾದ ತಿರುವುಗಳಿವೆ. ಘಾಟಿ ತಿರುವಿನಿಂದ ಹೊರಬರುವಾಗ ಎಂಜಿನ್ ವೇಗ ಕುಸಿದಿರುತ್ತದೆ, ಹೊರೆ ಪೂರ್ತಿ ಇರುತ್ತದೆ. ಓವರ್‌ಲ್ಯಾಪ್ ಹೆಚ್ಚಿರುವ ಕ್ಯಾಮ್ ಇಲ್ಲಿ ಮುಗ್ಗರಿಸುತ್ತದೆ. ಅತಿ ಬೇಗ ಮುಚ್ಚುವ ಕ್ಯಾಮ್ ಇಲ್ಲಿಯೇ ನಾಕಿಂಗ್ ತೋರಿಸುತ್ತದೆ. ಆದ್ದರಿಂದ ಮೂಲ ಸಂಪೀಡನವನ್ನು ಉಳಿಸಿಕೊಂಡ ಎಂಜಿನ್‌ಗೆ ಮೂಲ ಕ್ಯಾಮ್‌ಗಿಂತ ಸ್ವಲ್ಪವೇ ಹೆಚ್ಚು ಲಿಫ್ಟ್, ಬಹುತೇಕ ಅದೇ ಡ್ಯುರೇಷನ್ ಇರುವ ಕ್ಯಾಮ್ ಈ ಎರಡೂ ದಾರಿಗಳಿಗೆ ಹೊಂದುತ್ತದೆ.

ಇಂಧನ

ಮಂಡ್ಯದ ಕಬ್ಬಿಗೂ ಕ್ಯಾಮ್ ಆಯ್ಕೆಗೂ ಇನ್ನೊಂದು ನಂಟಿದೆ. ಸಕ್ಕರೆ ಉದ್ಯಮದ ಉಪಉತ್ಪನ್ನವಾದ ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ಎಥೆನಾಲ್ ತಯಾರಾಗುತ್ತದೆ. 20 ಪ್ರತಿಶತ ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ವೇಳೆಗೆ ದೇಶದಾದ್ಯಂತ ಇದೇ ಸಾಮಾನ್ಯ ಇಂಧನವಾಯಿತು.

ಎಥೆನಾಲ್‌ನ ಆಕ್ಟೇನ್ ಸಂಖ್ಯೆ ಪೆಟ್ರೋಲಿಗಿಂತ ಹೆಚ್ಚು. ಬಿಎಸ್ 6 ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 91 ಇದ್ದದ್ದು 20 ಪ್ರತಿಶತ ಮಿಶ್ರಣದಲ್ಲಿ 95 ಆಗುತ್ತದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ ತಿಳಿಸಿದೆ. ನಾಕಿಂಗ್ ದೃಷ್ಟಿಯಿಂದ ಇದು ಬೇಗ ಮುಚ್ಚುವ ಕ್ಯಾಮ್‌ಗಳಿಗೆ ಅನುಕೂಲ. ಆದರೆ ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಮಿಶ್ರಣದಲ್ಲಿ ಲೀಟರಿಗೆ ಸುಮಾರು 6ರಿಂದ 7 ಪ್ರತಿಶತ ಶಕ್ತಿ ಕಡಿಮೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಎಥೆನಾಲ್‌ಗೆ ಸುಮಾರು 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು.

2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ವಾಹನಗಳು ಸೈಲೆನ್ಸರ್ ಕೊಳವೆಯಲ್ಲಿರುವ ಆಮ್ಲಜನಕ ಸಂವೇದಕದ ನೆರವಿನಿಂದ ಸಾಮಾನ್ಯ ವೇಗದಲ್ಲಿ ಇದನ್ನು ತಾವೇ ಸರಿದೂಗಿಸುತ್ತವೆ. ಕಾರ್ಬುರೇಟರ್ ಇರುವ ಹಳೆಯ ಬುಲೆಟ್‌ಗೆ ಆ ಸಾಮರ್ಥ್ಯವಿಲ್ಲ. ಜೆಟ್ ಬದಲಿಸದಿದ್ದರೆ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿಯೇರುತ್ತದೆ. ಹೊಸ ಕ್ಯಾಮ್ ಹಾಕಿದ ವಾಹನದಲ್ಲಿ ಸಮಸ್ಯೆ ಇಮ್ಮಡಿಯಾಗುತ್ತದೆ. ಓವರ್‌ಲ್ಯಾಪ್ ಹೆಚ್ಚಿದಾಗ ಉರಿಯದ ಗಾಳಿ ನೇರವಾಗಿ ಸೈಲೆನ್ಸರಿಗೆ ಜಾರಿ, ಮಿಶ್ರಣ ತೆಳುವಾಗಿದೆಯೆಂದು ಸಂವೇದಕ ತಪ್ಪಾಗಿ ಓದುತ್ತದೆ. ಐದು ವರ್ಷಗಳ ಹಿಂದೆ ಬೇರೆ ದೇಶದಲ್ಲಿ, ಬೇರೆ ಪೆಟ್ರೋಲಿನ ಮೇಲೆ ಸಿದ್ಧಪಡಿಸಿದ ಇಂಧನ ನಕ್ಷೆಯನ್ನು ಹಾಗೆಯೇ ತಂದು ತುಂಬುವುದು ಈ ಕಾರಣದಿಂದ ಸರಿಯಲ್ಲ.

ಮಂಡ್ಯ ಜಿಲ್ಲೆಯ ಬಯಲು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದು, ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು 8 ಪ್ರತಿಶತ ಕಡಿಮೆ. ಇಲ್ಲಿ ನಾಕಿಂಗ್ ಇಲ್ಲದೆ ನಡೆದ ಎಂಜಿನ್ ಮಂಗಳೂರಿನ ಸೆಖೆಗೆ ಇಳಿದಾಗ ಸದ್ದು ಮಾಡತೊಡಗಬಹುದು. ದೂರ ಪ್ರಯಾಣದ ವಾಹನದಲ್ಲಿ ಆ ಅಂತರವನ್ನು ಮೊದಲೇ ಬಿಟ್ಟಿರಬೇಕು.

ಆಯ್ಕೆಯ ಕ್ರಮ

ಹಣ ಖರ್ಚಾಗುವ ಕ್ರಮವೂ ಲಾಭ ದೊರೆಯುವ ಕ್ರಮವೂ ಒಂದೇ ಆಗಿರುವುದಿಲ್ಲ. ಅನೇಕರಿಗೆ ಬೇಕಾಗಿರುವುದು ಕ್ಯಾಮ್ ಅಲ್ಲ, ಗೇರಿಂಗ್. ಚೈನ್ ಇರುವ ವಾಹನದಲ್ಲಿ ಮುಂದಿನ ಸ್ಪ್ರಾಕೆಟನ್ನು 15 ಹಲ್ಲಿನಿಂದ 14ಕ್ಕೆ ಇಳಿಸಿದರೆ ಹಿಂದಿನ ಚಕ್ರದ ಮೇಲಿನ ಟಾರ್ಕ್ ಎಲ್ಲ ಆರ್‌ಪಿಎಂಗಳಲ್ಲಿಯೂ 7 ಪ್ರತಿಶತ ಏರುತ್ತದೆ. ಎಂಜಿನ್ ಬಿಚ್ಚಬೇಕಿಲ್ಲ, ಇಂಧನ ನಕ್ಷೆ ಬದಲಿಸಬೇಕಿಲ್ಲ, ಬೇಡವೆನಿಸಿದರೆ ಒಂದು ಗಂಟೆಯಲ್ಲಿ ಹಿಂದಿನದನ್ನು ಹಾಕಬಹುದು. ಅದೇ ವೇಗಕ್ಕೆ ಎಂಜಿನ್ ಸ್ವಲ್ಪ ಹೆಚ್ಚು ತಿರುಗುತ್ತದೆ ಎಂಬುದು ಇದರ ಬೆಲೆ. ಸೇವಾ ರಸ್ತೆಯ ವೇಗದಲ್ಲಿ ಅದು ತೊಂದರೆಯಲ್ಲ.

ಅದೂ ಸಾಲದಿದ್ದರೆ ವಾಹನದ ಈಗಿನ ಸ್ಥಿತಿಯನ್ನು ಅಳೆಯಬೇಕು. ಸಂಪೀಡನದ ಒತ್ತಡ ಕಡಿಮೆಯಿರುವ, ವಾಲ್ವ್ ಆಸನ ಸವೆದ ಎಂಜಿನ್‌ಗೆ ದುಬಾರಿ ಕ್ಯಾಮ್ ಹಾಕಿದರೆ ಪ್ರಯೋಜನವಿಲ್ಲ. ವಾಲ್ವ್ ಉಜ್ಜಿ, ರಿಂಗ್ ಬದಲಿಸಿದ ಮೇಲೆ ಕಳೆದುಹೋಗಿದ್ದ ಬಲವೇ ಮರಳಿ ಬಂದು ಕ್ಯಾಮ್ ಬೇಕೆನಿಸದಿರುವುದೂ ಉಂಟು. ಆ ನಂತರ ಬರುವುದು ಗಾಳಿಯ ಫಿಲ್ಟರ್, ಸೈಲೆನ್ಸರ್ ಮತ್ತು ಇಂಧನ ನಕ್ಷೆ. ಹಾರ್ಲೆ ವಲಯದಲ್ಲಿ ಇದನ್ನು ಮೊದಲ ಹಂತ ಎನ್ನುತ್ತಾರೆ. ಕ್ಯಾಮ್ ಎರಡನೇ ಹಂತ. ಸಿಲಿಂಡರ್ ಹಿಗ್ಗಿಸುವುದು ಮೂರನೆಯದು. ಎಂಜಿನ್ನಿನ ಗಾತ್ರ ಹೆಚ್ಚಿಸಿದಾಗ ಎಲ್ಲ ಆರ್‌ಪಿಎಂಗಳಲ್ಲಿಯೂ ಟಾರ್ಕ್ ಹೆಚ್ಚುವುದರಿಂದ ತಾಂತ್ರಿಕವಾಗಿ ಭಾರದ ವಾಹನಕ್ಕೆ ಅದೇ ನಿಜವಾದ ಪರಿಹಾರ. ಆದರೆ ಭಾರತದಲ್ಲಿ ಅದು ಕಾನೂನಿನ ತೊಡಕಿಗೆ ಸಿಲುಕುತ್ತದೆ.

ಕ್ಯಾಮ್ ಮಾರಾಟಗಾರರಿಂದ ಡೈನೊ ನಕ್ಷೆ ಕೇಳಿ ಪಡೆಯುವುದು ಒಳ್ಳೆಯದು. ನಕ್ಷೆಯ ತುದಿಯ ಅಂಕಿಯನ್ನಲ್ಲ, 2500ರಿಂದ 4500ರ ನಡುವೆ ಮೂಲ ಕ್ಯಾಮ್‌ನ ಗೆರೆಗಿಂತ ಹೊಸ ಗೆರೆ ಮೇಲಿದೆಯೇ ಕೆಳಗಿದೆಯೇ ಎಂಬುದನ್ನು ನೋಡಬೇಕು. 3000ಕ್ಕಿಂತ ಕೆಳಗಿನ ಭಾಗವನ್ನು ತೋರಿಸದೆ ಕತ್ತರಿಸಿದ ನಕ್ಷೆಯನ್ನು ಅನುಮಾನದಿಂದ ಕಾಣುವುದು ಸೂಕ್ತ.

ಅಳವಡಿಕೆ

ಹೆಚ್ಚು ಲಿಫ್ಟ್ ಇರುವ ಕ್ಯಾಮ್ ಹಾಕಿದಾಗ ತೆರೆದ ವಾಲ್ವ್ ಪಿಸ್ಟನ್ನಿಗೆ ತಾಗುವ ಅಪಾಯವಿದೆ. ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಮೆತ್ತನೆಯ ಜೇಡಿಯನ್ನಿಟ್ಟು, ಎಂಜಿನ್ ಜೋಡಿಸಿ ಕೈಯಿಂದ ಎರಡು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿ ಜೇಡಿಯ ಅತಿ ತೆಳುವಾದ ಭಾಗವನ್ನು ಅಳೆಯುವುದು ಹಳೆಯ ಮತ್ತು ನಂಬಲರ್ಹ ವಿಧಾನ. ಒಳಹರಿವಿನ ವಾಲ್ವ್‌ಗೆ ಸುಮಾರು 1.5 ಮಿಲಿಮೀಟರ್, ಹೊರಹರಿವಿನ ವಾಲ್ವ್‌ಗೆ ಸುಮಾರು 2 ಮಿಲಿಮೀಟರ್ ಅಂತರವನ್ನು ಕನಿಷ್ಠ ಎಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ವಾಲ್ವ್ ಸ್ಪ್ರಿಂಗಿನ ಸುರುಳಿಗಳು ಪೂರ್ತಿ ಲಿಫ್ಟ್‌ನಲ್ಲಿ ಒಂದಕ್ಕೊಂದು ಅಂಟಿಕೊಳ್ಳಬಾರದು. ಟೈಮಿಂಗ್ ಗುರುತುಗಳನ್ನು ಬಿಚ್ಚುವ ಮೊದಲೇ ಬಣ್ಣದಿಂದ ಗುರುತಿಸುವುದು, ಕ್ಯಾಮ್ ಚೈನ್ ಮತ್ತು ಟೆನ್ಷನರನ್ನು ಜೊತೆಯಲ್ಲೇ ಬದಲಿಸುವುದು ಉಪಯುಕ್ತ.

ಚಪ್ಪಟೆ ಟ್ಯಾಪೆಟ್ ಇರುವ ಹಳೆಯ ಎಂಜಿನ್‌ಗಳಲ್ಲಿ ಮೊದಲ ಇಪ್ಪತ್ತು ನಿಮಿಷಗಳೇ ನಿರ್ಣಾಯಕ. ಉಬ್ಬುಗಳಿಗೆ ಜೋಡಣೆಯ ಗ್ರೀಸ್ ಹಚ್ಚಿ, ಎಂಜಿನ್ ಹೊತ್ತಿಕೊಂಡ ಕೂಡಲೇ ಐಡಲ್‌ನಲ್ಲಿ ಬಿಡದೆ ಸುಮಾರು 2000 ಆರ್‌ಪಿಎಂನಲ್ಲಿ ಏರಿಳಿಸುತ್ತ ನಡೆಸಬೇಕು. ಉಬ್ಬಿನ ಮೇಲೆ ಸಾಕಷ್ಟು ತೈಲ ಚಿಮ್ಮುವುದು ಆ ವೇಗದಲ್ಲಿ ಮಾತ್ರ. ಇದನ್ನು ನಿರ್ಲಕ್ಷಿಸಿದರೆ ಹೊಸ ಕ್ಯಾಮ್ ಮೊದಲ ದಿನವೇ ಸವೆಯುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ.

ಎಂಜಿನ್ನಿನ ಘನ ಗಾತ್ರ ನೋಂದಣಿ ಪತ್ರದಲ್ಲಿ ದಾಖಲಾಗಿರುತ್ತದೆ. ಹೀಗಾಗಿ ಮಂಡ್ಯದ ಕೆಎ 11 ಸಂಖ್ಯೆಯಲ್ಲಿ 499 ಸಿ.ಸಿ. ಎಂದು ನೋಂದಾಯಿತವಾದ ಬುಲೆಟ್ಟಿಗೆ 87 ಮಿಲಿಮೀಟರ್ ಸಿಲಿಂಡರ್ ಹಾಕಿದರೆ ದಾಖಲೆಗೂ ವಾಹನಕ್ಕೂ 36 ಸಿ.ಸಿ. ವ್ಯತ್ಯಾಸ ಬರುತ್ತದೆ. ಅದೇ ಅಳತೆಯ ಎಂಜಿನ್ನನ್ನು ಕಂಪನಿಯೇ ಇನ್ನೊಂದು ಮಾದರಿಯಲ್ಲಿ ಮಾರಿತ್ತು ಎಂಬುದು ಇಲ್ಲಿ ಸಮರ್ಥನೆಯಾಗುವುದಿಲ್ಲ. ಕ್ಯಾಮ್ ಬದಲಾವಣೆಯಿಂದ ಘನ ಗಾತ್ರ ಬದಲಾಗುವುದಿಲ್ಲ. ಆದರೆ ಹೊಗೆ ಮತ್ತು ಶಬ್ದದ ಮಿತಿಗಳು ಆಗಲೂ ಅನ್ವಯಿಸುತ್ತವೆ. ವಿಮೆಯ ವಿಷಯವೂ ಗಂಭೀರವಾದದ್ದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಸ್ವಂತ ವಾಹನದ ಪರಿಹಾರ ತಿರಸ್ಕೃತವಾಗುವ ಸಾಧ್ಯತೆ ಇದೆ. ಮೂಲ ಕ್ಯಾಮ್, ಪಿಸ್ಟನ್ ಹಾಗೂ ಸೈಲೆನ್ಸರುಗಳನ್ನು ಎಣ್ಣೆ ಸವರಿ ಜೋಪಾನವಾಗಿಟ್ಟುಕೊಳ್ಳುವುದು ಅನುಭವಿ ಸವಾರರ ರೂಢಿ. ಮಾರಾಟದ ಸಮಯದಲ್ಲಿ ಅಥವಾ 15 ವರ್ಷಗಳ ನಂತರ ನೋಂದಣಿ ನವೀಕರಣಕ್ಕೆ ವಾಹನವನ್ನು ಪರಿಶೀಲನೆಗೆ ಒಯ್ಯುವಾಗ ಅವು ಬೇಕಾಗುತ್ತವೆ.